ಅತ್ತೆಯ ನಕ್ಷೆಯಲ್ಲಿ ನಮ್ಮ ಬೀದಿ

ಅತ್ತೆಯನ್ನು ಅವಳ ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಮೋರಿ ಮೇಡಂ’ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಇತ್ತು. ಅವಳು ಎಂಜಿನಿಯರಿಂಗ್ ಕಾಲೇಜಿಗೆ ಪಾಠ ಹೇಳಲು ಸೇರಿದ ಕಾಲದಲ್ಲಿ ಜೊತೆಯವರೆಲ್ಲ ಅಣೆಕಟ್ಟು, ಸೇತುವೆ ಎಂದು ದೊಡ್ಡದರ ಹಿಂದೆ ಬಿದ್ದಿದ್ದರಂತೆ. ಇವಳು ಮಾತ್ರ ಊರಿನ ಮೋರಿಗಳಿಗೆ ಇಳಿದಳು. ಮಳೆ ನಿಂತ ಮಾರನೆಯ ದಿನ ರಬ್ಬರ್ ಬೂಟು ಹಾಕಿಕೊಂಡು, ಗೋಡೆಗಳ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆಯನ್ನು ಅಳೆಯುತ್ತ ಬೀದಿ ಬೀದಿ ತಿರುಗುತ್ತಿದ್ದಳು. ಆ ಗೆರೆಗಳೇ ಕಡೆಗೆ ಅವಳನ್ನು ಪ್ರೊಫೆಸರ್ ಮಾಡಿದವು. ವರ್ಷದ ಮಳೆ ಹೆಚ್ಚೇನೂ ಬದಲಾಗಿಲ್ಲ, ಆದರೆ ತಿಂಗಳಿಡೀ ಬೀಳಬೇಕಾದದ್ದು ಈಗ ಒಂದೇ ಮಧ್ಯಾಹ್ನ ಸುರಿಯುತ್ತಿದೆ, ಹಳೆಯ ಮಳೆಯ ಅಳತೆಗೆ ಕಟ್ಟಿದ ಮೋರಿಗಳು ಹೊಸ ಮಳೆಗೆ ಸಾಲವು ಎಂದು ಅವಳು ಬರೆದಾಗ ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹವಾಮಾನ ಬದಲಾವಣೆ ಎಂಬ ಮಾತು ಎಲ್ಲರ ಬಾಯಿಗೆ ಬಂದ ಮೇಲೆ ಅದೇ ಲೇಖನಗಳನ್ನು ಹುಡುಕಿಕೊಂಡು ಜನ ಬಂದರು. ಅಷ್ಟರಲ್ಲಿ ಅವಳ ತಲೆ ನರೆತಿತ್ತು.

ಅಪ್ಪನಿಗೆ ತಂಗಿಯೆಂದರೆ ಎದೆಯುಬ್ಬುತ್ತಿತ್ತು. ಹುಡುಗಿಗೆ ಇಷ್ಟು ಓದು ಸಾಕು ಎಂದು ತಾತ ಪಟ್ಟು ಹಿಡಿದಾಗ, ಅಪ್ಪ ತನ್ನ ಓದು ಬಿಟ್ಟು ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ ಅವಳನ್ನು ಓದಿಸಿದ್ದ. ಅದನ್ನು ಅವನು ಎಂದೂ ಆಡಿ ತೋರಿಸಲಿಲ್ಲ. ಅಮ್ಮ ಆಡಿ ತೋರಿಸುತ್ತಿದ್ದಳು.

ನನ್ನ ಡಿಗ್ರಿ ಮುಗಿದು, ಸಂದರ್ಶನಗಳಲ್ಲಿ ಗೊತ್ತಿದ್ದ ಉತ್ತರವನ್ನೂ ಹೇಳಲಾಗದೆ ನಾನು ಮನೆಗೆ ಬಂದು ಡೈರಿ ಬರೆಯುತ್ತ ಕೂರುತ್ತಿದ್ದ ದಿನಗಳಲ್ಲಿ ಅತ್ತೆ ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ತೆಗೆದುಕೊಂಡಳು.

“ಈ ಗುಮ್ಮನಗುಸ್ಕಿ ನಮ್ಮಲ್ಲಿಗೇ ಸರಿ. ನೀರೇನು ಇವಳನ್ನ ಮಾತಾಡ್ಸೋಕೆ ಬರತ್ತಾ?” ಎಂದಳು. ಅಂದಿನಿಂದ ಮನೆಯಲ್ಲಿ ನಾನು ಗುಸ್ಕಿಯಾದೆ.

ಪ್ರಯೋಗಾಲಯ ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿತ್ತು. ಕೋಣೆಯ ಉದ್ದಕ್ಕೂ ನೀರು ಹರಿಸಿ ನೋಡುವ ಗಾಜಿನ ಕಾಲುವೆ, ಅದರ ತುದಿಯಲ್ಲಿ ಸೋರುವ ನಲ್ಲಿ, ನಲ್ಲಿಯ ಕೆಳಗೆ ಬಕೆಟ್ಟು. ನೀರಿನ ಬಗ್ಗೆ ಇಷ್ಟೆಲ್ಲ ಬರೆದವರಿಗೆ ಒಂದು ವಾಷರ್ ಹಾಕಿಸಲು ಆಗಲಿಲ್ಲವೇ ಎಂದು ಬೇರೆ ವಿಭಾಗದವರು ಬಂದಾಗಲೆಲ್ಲ ಕೇಳುತ್ತಿದ್ದರು. ಅಲ್ಲಿ ಅವಳನ್ನು ನಾನು ಮೇಡಂ ಎನ್ನಬೇಕಿತ್ತು. ಬಸ್ಸಿನಲ್ಲಿ ಅತ್ತೆ, ಗೇಟು ದಾಟಿದರೆ ಮೇಡಂ.

ಆಗ ಅಲ್ಲಿ ನಡೆಯುತ್ತಿದ್ದದ್ದು ಊರಿನ ಹೊಸ ನೆರೆ ನಕ್ಷೆಯ ಕೆಲಸ. ಬಿದ್ದ ಮಳೆಗಲ್ಲ, ಮುಂದೆ ಬೀಳಲಿರುವ ಮಳೆಗೆ ಊರು ಎಲ್ಲೆಲ್ಲಿ ಮುಳುಗುತ್ತದೆ ಎಂದು ತೋರಿಸುವ ನಕ್ಷೆ. ಕಂಪ್ಯೂಟರು ಊರನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಸೀಳಿ, ನೀರು ನಿಲ್ಲುವ ಚೌಕಕ್ಕೆ ನೀಲಿ ಬಳಿಯುತ್ತದೆ. ಊರಿನ ನಡುವೆ ಹರಿಯುವ ಹಳ್ಳದ ಎರಡೂ ಬದಿ ಅಗಲವಾದ ನೀಲಿ ಪಟ್ಟಿ ಬರುವುದು ಸರಿಯೇ. ಆದರೆ ಅದರಿಂದ ದೂರ, ಸಂಬಂಧವೇ ಇಲ್ಲದ ಕಡೆಗಳಲ್ಲಿ ಶಾಯಿ ಸಿಡಿದಂತೆ ಸಣ್ಣ ಸಣ್ಣ ನೀಲಿ ಚುಕ್ಕೆಗಳೂ ಏಳುತ್ತವೆ. ಹೆಚ್ಚಿನವು ಕಂಪ್ಯೂಟರಿನ ಭ್ರಮೆ. ಯಾರದೋ ಅಂಗಳದ ಗುಂಡಿಯನ್ನೂ ಅದು ಕೆರೆ ಎಂದುಕೊಳ್ಳುತ್ತದೆ. ಹಾಗಾಗಿ ಇಂತಿಷ್ಟು ಅಳತೆಗಿಂತ ಸಣ್ಣ ಚುಕ್ಕೆಗಳನ್ನು ನಕ್ಷೆ ಅಚ್ಚಾಗುವ ಮೊದಲು ಒರೆಸಿಬಿಡುತ್ತಾರೆ. ಈ ಕಸುಬಿನವರೆಲ್ಲ ಮಾಡುವ ಕೆಲಸವೇ ಅದು, ಕೊಠಡಿ ಗುಡಿಸಿದ ಹಾಗೆ.

ಅತ್ತೆ ಮಾತ್ರ ಅದಕ್ಕೊಂದು ಷರತ್ತು ಇಟ್ಟುಕೊಂಡಿದ್ದಳು.

“ಚುಕ್ಕೆ ಒಳಗೆ ಮನೆ ಇದ್ರೆ ಒರೆಸೋ ಹಾಗಿಲ್ಲ. ಹೋಗು, ನೋಡು, ಕೇಳ್ಕೊಂಡು ಬಾ.”

ಹಾಗೆ ನಾನು ಊರೆಲ್ಲ ತಿರುಗಿದೆ. ಅಪರಿಚಿತರ ಬಾಗಿಲು ತಟ್ಟುವ ಮೊದಲು ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ ಒಬ್ಬಾಕೆ, ನೀರು ಬಂದಾಗ ಗಂಡನನ್ನು ಕಪಾಟಿನ ಮೇಲೆ ಕೂರಿಸಿದ್ದನ್ನು ಹೇಳುತ್ತ ನಕ್ಕರು. “ಪಾರ್ಶ್ವವಾಯು ಕಣಮ್ಮ ಅವರಿಗೆ. ಕೆಳಗಿಳಿಸೋಕೆ ನಾಲ್ಕು ಜನ ಬೇಕಾಯ್ತು. ಹತ್ತಿಸೋವಾಗ ಮಾತ್ರ ನಾನೊಬ್ಬಳೇ, ಅದು ಹೇಗೆ ಅಂತ ನನಗೇ ಗೊತ್ತಿಲ್ಲ.” ಗೋಡೆಯ ಸುಣ್ಣದಡಿ ಗೆರೆ ಇನ್ನೂ ಕಾಣುತ್ತಿತ್ತು. ನಾನು ಅಳೆದುಕೊಂಡು ಬಂದೆ, ಆ ಚುಕ್ಕೆ ಉಳಿಯಿತು. ನನ್ನಿಂದಲೂ ಲೋಕಕ್ಕೆ ಏನೋ ಒಂದು ಉಪಯೋಗವಾಗುತ್ತಿದೆ ಎಂದು ನನಗನ್ನಿಸಿದ್ದ ದಿನಗಳು ಅವು.

ಒಂದು ಬೆಳಿಗ್ಗೆ ಅಂಥ ಚುಕ್ಕೆಯೊಂದು ನಮ್ಮ ಬೀದಿಯ ಮೇಲೆಯೇ ಎದ್ದಿತ್ತು.

ಅತ್ತೆ ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಂದಳು. “ಇದು ನಮ್ಮನೆ ಅಲ್ವೇನೇ?”

ಅಲ್ಲಿ ನೋಡಿಕೊಂಡು ಬರುವುದಕ್ಕೆ ಏನೂ ಇರಲಿಲ್ಲ. ಹಳ್ಳಕ್ಕೂ ನಮ್ಮ ಬೀದಿಗೂ ನಡುವೆ ಎತ್ತರದ ಹೆದ್ದಾರಿ ಇದ್ದದ್ದರಿಂದ ನಾವು ಬೆಚ್ಚಗಿದ್ದೇವೆ ಎಂದುಕೊಂಡಿದ್ದೆವು. ಹೆದ್ದಾರಿಯ ಕೆಳಗೆ ಹಾಯುವ ಹಳೆಯ ದೊಡ್ಡ ಕೊಳವೆಯ ನೆನಪು ಕಂಪ್ಯೂಟರಿಗೆ ಬಿಟ್ಟರೆ ಯಾರಿಗೂ ಇರಲಿಲ್ಲ. ಹಳ್ಳ ಉಕ್ಕಿದರೆ ಅದೇ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ನುಗ್ಗಿ ನಮ್ಮ ಬೀದಿಯಲ್ಲಿ ಏಳುತ್ತದೆ, ಹೊಸ್ತಿಲು ದಾಟುವಷ್ಟು. ಕೊಳವೆ ನೆಲದಡಿ ಇರುವುದರಿಂದ ನಕ್ಷೆಯಲ್ಲಿ ಮಾತ್ರ ನಮ್ಮ ಬೀದಿ ಒಂಟಿ ಚುಕ್ಕೆ.

ಅಪ್ಪ ಆ ಮನೆಯನ್ನು ಮಾರಲು ಹೊರಟಿದ್ದ. ಅಮ್ಮನ ಮೊಣಕಾಲು ಸವೆದು ಮಹಡಿ ಹತ್ತಲಾಗುತ್ತಿರಲಿಲ್ಲ. ಮಲಗುವ ಕೋಣೆ, ಬಚ್ಚಲು ಎರಡೂ ಮೇಲಿದ್ದವು. ಲಿಫ್ಟು ಇರುವ ಕಟ್ಟಡದಲ್ಲಿ ಒಂದು ಫ್ಲಾಟು ನೋಡಿಯಾಗಿತ್ತು, ನಮ್ಮ ಮನೆಗೆ ಒಬ್ಬರು ಗಿರಾಕಿಯೂ ಒಪ್ಪಿದ್ದರು. ನಕ್ಷೆ ಹೊರಬಂದರೆ ಯಾವ ಬ್ಯಾಂಕೂ ಆ ಮನೆಗೆ ಸಾಲ ಕೊಡದು. ಅಂದರೆ ಅಮ್ಮ ಆ ಮೆಟ್ಟಿಲುಗಳನ್ನು ಸಾಯುವವರೆಗೂ ಹತ್ತಬೇಕು.

ಅತ್ತೆ ಅಂದೇ ಸಂಜೆ ಮನೆಗೆ ಬಂದು ವಿಷಯವನ್ನು ತಾನೇ ಹೇಳಿದಳು. ಅದು ಅವಳ ದೊಡ್ಡತನ ಎಂದು ನನಗನ್ನಿಸಿತು.

ಅಪ್ಪ ಮೊದಲು ನಕ್ಕ. “ಪುಟ್ಟೀ, ನಿನ್ನ ನಕ್ಷೆ ಎರಡು ತಿಂಗಳು ತಡ ಆದ್ರೆ ಮಳೆ ಏನು ಕೋಪ ಮಾಡ್ಕೊಳ್ಳತ್ತಾ? ನಮ್ಮ ವ್ಯವಹಾರ ಮುಗೀಲಿ, ಆಮೇಲೆ ಬಿಡು.”

“ಹಾಗೆ ಮಾಡಿದ್ರೆ ಗೊತ್ತಿದ್ದೂ ಗೊತ್ತಿದ್ದೂ ಬೇರೆಯವರ ಕೊರಳಿಗೆ ಕಟ್ಟಿದ ಹಾಗಾಗತ್ತೆ ಅಣ್ಣ.”

“ಸರಿ ಬಿಡು,” ಎಂದಳು ಅಮ್ಮ, ಮೊಣಕಾಲು ಒತ್ತಿಕೊಳ್ಳುತ್ತ. “ನಾವು ಬೇರೆಯವರಲ್ವಲ್ಲ, ನಮ್ಮ ಕೊರಳಲ್ಲೇ ಇರ್ಲಿ.”

“ಅತ್ತಿಗೆ, ಹಾಗಲ್ಲ...”

“ಹೇಗೆ ಅಂತ ಗೊತ್ತು. ನೀನು ಓದಿದೋಳು.”

ಗಿರಾಕಿಗೆ ಅಪ್ಪನೇ ಫೋನು ಮಾಡಿ ಹೇಳಿದ. ಅವರು ಬರಲಿಲ್ಲ. ಅಂದಿನಿಂದ ಅಪ್ಪ ತಂಗಿಯ ಜೊತೆ ಮಾತು ಬಿಟ್ಟ. ನಾನು ಮಾತ್ರ ಇಬ್ಬರ ನಡುವೆ ಓಡಾಡುವ ಬಸ್ಸಿನ ಹಾಗಾದೆ. ಆದರೂ ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅತ್ತೆಯನ್ನು ನೋಡಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಸ್ವಂತ ಅಣ್ಣನಿಗೂ ಗೆರೆ ಸರಿಸದವಳು ನನ್ನ ಅತ್ತೆ ಎಂದು.

ನಕ್ಷೆಯನ್ನು ಒಪ್ಪುವ ಸರ್ಕಾರಿ ಸಮಿತಿಯ ಸಭೆಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದಳು, ಪರದೆಯ ಮೇಲೆ ಚಿತ್ರ ಬದಲಿಸಲು. ತಂಪು ಹೆಚ್ಚಾದ ಕೋಣೆ. ಎಲ್ಲರ ಮುಂದೆ ಬಿಸ್ಕತ್ತು, ಯಾರೂ ಮುಟ್ಟುತ್ತಿಲ್ಲ. ಅಧ್ಯಕ್ಷರು ಮೆತ್ತನೆಯ ಮಾತಿನವರು.

“ಮೇಡಂ, ಈ ನೀಲಿ ಸ್ವಲ್ಪ ಜಾಸ್ತಿ ಆಗಿಲ್ವಾ?”

“ಬಣ್ಣ ಬೇಕಾದ್ರೆ ಬದಲಾಯಿಸ್ತೀನಿ ಸಾರ್. ನೀರು ಅಲ್ಲೇ ಇರತ್ತೆ.”

ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು. ನಕ್ಕು ಮುಗಿಸಿ ಹಳ್ಳದ ಬದಿಯ ತಗ್ಗಿನಲ್ಲಿ ಏಳುತ್ತಿದ್ದ ದೊಡ್ಡ ಆಸ್ಪತ್ರೆಯ ಮೇಲೆ ಬೆರಳಿಟ್ಟರು. ಕಂಬಗಳು ಎದ್ದಿದ್ದವು, ಉದ್ಘಾಟಿಸುವವರು ಯಾರು ಎಂಬುದೂ ನಿಶ್ಚಯವಾಗಿತ್ತು. ನಕ್ಷೆಯಲ್ಲಿ ಅದು ಪೂರ್ತಿ ನೀಲಿಯೊಳಗಿತ್ತು.

“ಇಲ್ಲಿ ಮಣ್ಣು ತುಂಬಿ ಎತ್ತರ ಮಾಡ್ತಾರಂತೆ. ಈಗಾಗ್ಲೇ ಮಾಡಿದ ಹಾಗೆ ಲೆಕ್ಕ ಹಾಕಿಬಿಡಿ.”

“ಮಾಡಿದ ಮೇಲೆ ಹಾಕ್ತೀನಿ.”

“ಹಾಗಾದ್ರೆ ಅಲ್ಲೀವರೆಗೂ ನಕ್ಷೆ ನಮ್ಮ ಕಪಾಟಿನಲ್ಲೇ ಇರ್ಬೇಕಾಗತ್ತೆ. ನಿಮ್ಮ ಹವಾಮಾನ ಮತ್ತು ಜಲ ಕೇಂದ್ರದ ಕಡತಾನೂ ಪಕ್ಕದಲ್ಲೇ ಇದೆ. ಎರಡೂ ಒಟ್ಟಿಗೆ ಹೊರಗೆ ಬಂದ್ರೆ ಚೆನ್ನಾಗಿರತ್ತಲ್ವಾ?”

ಆ ಕೇಂದ್ರಕ್ಕಾಗಿ ಅತ್ತೆ ಎಷ್ಟು ವರ್ಷಗಳಿಂದ ಅರ್ಜಿ ಬರೆದಿದ್ದಳು ಎಂಬುದು ನನಗೆ ಗೊತ್ತಿತ್ತು. ಸ್ವಂತ ಕಟ್ಟಡ, ಸ್ವಂತ ಮಳೆಮಾಪಕಗಳು, ಸೋರದ ನಲ್ಲಿ. ಅವಳು ನೀರಿನ ಲೋಟವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಿದಳು. ಆಮೇಲೆ, “ತುಂಬಿಸ್ತಾರೆ ಅಂತ ಬರವಣಿಗೆಯಲ್ಲಿ ಕೊಟ್ರೆ ನೋಡ್ಬಹುದು” ಎಂದಳು.

ವಾಪಸ್ಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯಾಚೆ ನೋಡುತ್ತಿದ್ದೆ.

“ಸುಮ್ನೆ ಕೂತ್ಕೊಂಡೇ ನನ್ನ ತಿನ್ಬೇಡ ಗುಸ್ಕಿ. ಇಡೀ ನಕ್ಷೆ ಮೂಲೆ ಸೇರೋದಕ್ಕಿಂತ ಒಂದು ಮೂಲೆ ಬಿಟ್ಕೊಡೋದು ವಾಸಿ. ಏನಾದ್ರೂ ಹೇಳು.”

“ಆ ಜಾಗ ಎತ್ತರ ಮಾಡಿದ್ರೆ ಅಲ್ಲಿ ನಿಲ್ಬೇಕಾದ ನೀರು ಎಲ್ಲಿಗೆ ಹೋಗತ್ತೆ ಅತ್ತೆ?”

ಅವಳು ಡ್ರೈವರನಿಗೆ ಎಸಿ ಕಡಿಮೆ ಮಾಡಲು ಹೇಳಿದಳು.

ಎಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರು ಹೇಳಿತು. ಆಸ್ಪತ್ರೆಯ ಜಾಗವನ್ನು ಎತ್ತರಿಸಿ ಲೆಕ್ಕ ಹಾಕಿಸಿದಾಗ ಅದರ ಸುತ್ತ ನೀಲಿ ಗೆರೆ ವಿನಯದಿಂದ ಬಾಗಿ ಪಕ್ಕಕ್ಕೆ ಸರಿದಿತ್ತು. ಸರಿದ ನೀರು ಹೆದ್ದಾರಿಯ ಕೊಳವೆ ಹಿಡಿದು ನಮ್ಮ ಬೀದಿಗೇ ಬಂದಿತ್ತು. ಮೊದಲು ಹೊಸ್ತಿಲು ದಾಟುತ್ತಿದ್ದದ್ದು ಈಗ ಕಿಟಕಿ ಮುಟ್ಟುತ್ತಿತ್ತು.

ಕರಡು ನಕ್ಷೆ ಪತ್ರಿಕೆಯಲ್ಲಿ ಬಂತು. ಅಪ್ಪನದು ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ಪಳಗಿದ ಕಣ್ಣು. ಅಂದೇ ಅವನು ಪ್ರಯೋಗಾಲಯಕ್ಕೆ ಬಂದ. ಇಷ್ಟು ವರ್ಷಗಳಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಗಾಜಿನ ಕಾಲುವೆಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿ, ಬಕೆಟ್ಟು ದಾಟಿ, ಪತ್ರಿಕೆಯನ್ನು ಅತ್ತೆಯ ಮೇಜಿನ ಮೇಲೆ ಹರಡಿದ.

“ಪುಟ್ಟೀ, ನಾನು ಓದಿಲ್ಲ, ಅದಕ್ಕೇ ಕೇಳ್ತೀನಿ. ಆಸ್ಪತ್ರೆ ಕಂಡ್ರೆ ನೀರಿಗೆ ಭಯಾನಾ? ಇಂಜೆಕ್ಷನ್ ಕೊಡ್ತಾರೆ ಅಂತ ಸುತ್ತು ಹಾಕ್ಕೊಂಡು ನಮ್ಮನೆಗೆ ಬರತ್ತಾ?”

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನನಗೆ ಎರಡು ತಿಂಗಳು ಕೊಡೋಕೆ ನಿನ್ನ ಶಾಸ್ತ್ರ ಒಪ್ಲಿಲ್ಲ. ಒಪ್ಪದಿದ್ದದ್ದು ನನಗೆ ಹೆಮ್ಮೆಯೇ ಆಗಿತ್ತು ಕಣೇ. ನಿಮ್ಮ ಅತ್ತಿಗೆ ಹತ್ರ ನಿನ್ನ ಪರವಾಗಿ ಜಗಳಾನೂ ಆಡಿದ್ದೆ. ಈಗ ಅವಳ ಮುಂದೆ ನನಗೆ ಮುಖ ಇಲ್ಲ.”

“ಅಣ್ಣ, ಕೂತ್ಕೋ.”

“ಬೇಡ. ಕೂತ್ರೆ ಏಳೋದು ಕಷ್ಟ ನಂಗೂ.”

ಅವನು ಪತ್ರಿಕೆಯನ್ನು ಮೊದಲಿದ್ದಂತೆಯೇ ಮಡಿಸಿಕೊಂಡು ಹೊರಟ. ನಾನು ಗೇಟಿನವರೆಗೆ ಹಿಂದೆ ಹೋದೆ. ಹಿಂತಿರುಗಿದಾಗ ಅತ್ತೆ ಮುಖ ತೊಳೆದುಕೊಂಡು ಬಂದಿದ್ದಳು.

ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದಳು. ಬಹಳ ದಿನಗಳ ನಂತರ ತಾನೇ ಮೌಸು ಹಿಡಿದಿದ್ದಳು. ಯಾವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಒರೆಸಬೇಕಾದ ಚುಕ್ಕೆಗಳ ಅಳತೆಯ ಖಾನೆ ತೆರೆದಿತ್ತು. ಅವಳು ಅಲ್ಲಿದ್ದ ಅಂಕಿಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದಳು. ನಮ್ಮ ಬೀದಿ ಹಾಗೆಯೇ ಇತ್ತು. ಇನ್ನಷ್ಟು ದೊಡ್ಡದು ಮಾಡಿದಳು. ಆಗಲೂ ಇತ್ತು. ಆಸ್ಪತ್ರೆಯಿಂದ ಸರಿದ ನೀರು ಬೇರೆ ಸೇರಿ ಚುಕ್ಕೆ ದಪ್ಪವಾಗಿತ್ತು. ಮತ್ತೊಮ್ಮೆ ಅಂಕಿ ಏರಿಸಿದಾಗ ನಮ್ಮ ಬೀದಿ ಬೆಳ್ಳಗಾಯಿತು.

ನಮ್ಮದೊಂದೇ ಅಲ್ಲ. ಅಳತೆ ಇಡೀ ಊರಿಗೆ ಒಂದೇ. ನಮ್ಮ ಬೀದಿಗಿಂತ ಸಣ್ಣದಾಗಿದ್ದ ಎಲ್ಲ ನೀಲಿಯೂ ಒಟ್ಟಿಗೆ ಹೋಯಿತು. ಗ್ಯಾರೇಜುಗಳ ಹಿಂದಿನ ಓಣಿ ಹೋಯಿತು. ಶಾಲೆಯ ಪಕ್ಕದ ತಗ್ಗು ಹೋಯಿತು. ನಾನು ಬಾಗಿಲು ತಟ್ಟಿದ, ಚಹಾ ಕುಡಿದ, ಅಳತೆ ಪಟ್ಟಿ ಹಿಡಿದು ನಿಂತ ಮನೆಗಳೆಲ್ಲ ಒಂದು ಗುಂಡಿ ಒತ್ತಿದಷ್ಟರಲ್ಲಿ ಒಣಗಿದವು.

“ಮೇಡಂ, ಅಲ್ಲೆಲ್ಲ ನಾನು ಹೋಗಿದ್ದೆ,” ಎಂದೆ. “ಅಲ್ಲಿ ಮನೆಗಳಿವೆ. ನಿಮ್ಮದೇ ಷರತ್ತು.”

“ಗೊತ್ತು.”

“ನಮ್ಮ ಬೀದಿ ಒಂದನ್ನೇ ಒರೆಸಿದ್ರೆ...”

“ಅದು ಮೋಸ ಆಗತ್ತೆ,” ಎಂದಳು ಅತ್ತೆ, ಪಾಠ ಹೇಳುವ ದನಿಯಲ್ಲಿ. “ಒಬ್ಬರಿಗೆ ಮಾತ್ರ ಮಾಡಿದ್ರೆ ಮೋಸ. ಎಲ್ಲರಿಗೂ ಒಂದೇ ಅಳತೆ ಅಂದ್ರೆ ಅದು ವಿಧಾನ. ವರದಿಯಲ್ಲಿ ಒಂದು ಸಾಲು ಬರೆದ್ರೆ ಆಯ್ತು.”

ತಾನು ಹೇಳಿದ್ದು ತನಗೇ ಕೇಳಿಸಿತೋ ಏನೋ, ಮೌಸಿನಿಂದ ಕೈ ತೆಗೆದು ಮತ್ತೆ ಹಿಡಿದಳು. ಆಮೇಲೆ ಬದಲಾವಣೆಯನ್ನು ಉಳಿಸಿ ಎದ್ದಳು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಟ್ಟಳು.

ಸಮಿತಿಗೆ ಹೊಸ ನಕ್ಷೆ ಬಹಳ ಹಿಡಿಸಿತು. ಎಷ್ಟು ಚೊಕ್ಕವಾಗಿದೆ, ಹಳ್ಳದ ಉದ್ದಕ್ಕೆ ಒಂದೇ ಪಟ್ಟಿ, ಜನಸಾಮಾನ್ಯರಿಗೂ ಅರ್ಥವಾಗುತ್ತದೆ ಎಂದು ಅಧ್ಯಕ್ಷರು ಹೊಗಳಿದರಂತೆ. ಕೇಂದ್ರಕ್ಕೆ ಮಂಜೂರಾತಿ ಬಂತು, ಅತ್ತೆ ಅದರ ನಿರ್ದೇಶಕಿಯಾದಳು. ಪ್ರಾರಂಭದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅತ್ತೆಯ ಭಾಷಣದ ನಡುವೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ಅಮ್ಮ ಪಕ್ಕದವರಿಗೆ, “ನಮ್ಮ ನಾದಿನಿ. ನಮ್ಮನೆಯಲ್ಲೇ ಇದ್ದು ಓದಿದ್ದು” ಎಂದಳು.

ಊಟಕ್ಕೆ ಅತ್ತೆ ಮತ್ತೆ ನಮ್ಮನೆಗೆ ಬರತೊಡಗಿದಳು. ಅಣ್ಣತಂಗಿ ಮೊದಲಿನ ಹಾಗೆಯೇ ಜೋರಾಗಿ ಮಾತಾಡುತ್ತಿದ್ದರು. ಅಮ್ಮ ಅವಳ ತಟ್ಟೆಗೆ ಬೇಡ ಬೇಡವೆಂದರೂ ಬಡಿಸುತ್ತಿದ್ದಳು. ನಕ್ಷೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ನಾನೊಬ್ಬಳು ತಟ್ಟೆಯಲ್ಲಿ ಅನ್ನ ಕಲೆಸುತ್ತ ಕೂರುತ್ತಿದ್ದೆ. ನಾನು ಸುಮ್ಮನಿರುವುದು ಹೊಸದೇನಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಆಸ್ಪತ್ರೆ ತೆರೆಯುವ ಹೊತ್ತಿಗೆ ಮನೆಗೆ ಗಿರಾಕಿಗಳೂ ಸಿಕ್ಕರು. ಹೊಸ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದ ಹುಡುಗಿ, ಅವಳ ಗಂಡ, ಕಂಕುಳಲ್ಲಿ ಒಂದು ಮಗು. ನಡೆದು ಹೋಗುವಷ್ಟು ಹತ್ತಿರ ಎಂದು ಅವಳಿಗೆ ಸಂತೋಷವೋ ಸಂತೋಷ. ಕಾಗದಪತ್ರವೆಲ್ಲ ಮುಗಿಯುವ ಹಿಂದಿನ ವಾರ, ಪರದೆಗಳಿಗೆ ಅಳತೆ ತೆಗೆದುಕೊಳ್ಳಬೇಕೆಂದು ಅವಳೊಬ್ಬಳೇ ಬಂದಳು. ಅಪ್ಪ ಅಮ್ಮ ಫ್ಲಾಟು ನೋಡಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ.

ಅವಳು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಂತೆ ನಾನು ಹಿಂದೆ ಹಿಂದೆಯೇ ನಡೆದೆ. ವಾಕ್ಯವನ್ನು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿ, ಕಡೆಗೆ ಹೇಳಿಬಿಟ್ಟೆ.

“ನೋಡಿ, ಈ ಬೀದಿಗೆ ನೀರು ಬರತ್ತೆ. ಇನ್ನೂ ಬಂದಿಲ್ಲ. ಬರತ್ತೆ. ಕಿಟಕಿವರೆಗೂ ಬರಬಹುದು. ನೀವು ಈ ಮನೆ ತಗೋಬೇಡಿ.”

ಅವಳು ಅಳತೆ ಟೇಪನ್ನು ಮಡಚಿದಳು. ಸಿಟ್ಟಾಗಲಿಲ್ಲ. “ಅಯ್ಯೋ, ನಾವು ಅದನ್ನೇ ಮೊದಲು ನೋಡಿದ್ದು. ನನ್ನ ಗಂಡನಿಗೆ ಎಲ್ಲದಕ್ಕೂ ಭಯ. ಸರ್ಕಾರಿ ನಕ್ಷೆ ತೆಗೆಸಿ ನೋಡಿದ್ರು. ಈ ಬೀದಿಗೆ ಏನೂ ಇಲ್ಲ.”

“ನಕ್ಷೆಯಲ್ಲಿಲ್ಲ, ಆದರೆ...”

“ಅದನ್ನ ಮಾಡಿದ್ದು ನಿಮ್ಮತ್ತೇನೇ ಅಂತಲ್ಲ? ನಿಮ್ಮ ತಂದೆ ಹೇಳಿದ್ರು. ಬ್ಯಾಂಕಿನವರೂ ಅವರ ಹೆಸರು ನೋಡಿ ಇನ್ನೇನೂ ಕೇಳ್ಲಿಲ್ಲ.” ಅವಳು ನನ್ನನ್ನೇ ನೋಡಿದಳು. “ನೀವೂ ಅಲ್ಲೇ ಕೆಲ್ಸ ಮಾಡೋದಾ? ಏನಾಗಿ?”

“ಸಹಾಯಕಿ.”

“ಓ,” ಎಂದಳು. ಆ ‘ಓ’ದಲ್ಲಿ ತಾತ್ಸಾರವೇನೂ ಇರಲಿಲ್ಲ, ಅದೇ ನೋವು. ದನಿ ತಗ್ಗಿಸಿ ಕೇಳಿದಳು: “ಬೇಜಾರು ಮಾಡ್ಕೋಬೇಡಿ. ಬೇರೆ ಯಾರಾದ್ರೂ ಜಾಸ್ತಿಗೆ ಕೇಳಿದ್ರಾ ಮನೇನ? ಇದ್ರೆ ನೇರವಾಗಿ ಹೇಳಿ, ನಮ್ಮವರ ಹತ್ರ ಮಾತಾಡ್ತೀನಿ.”

ನಾನು ಇಲ್ಲವೆಂದು ತಲೆಯಾಡಿಸಿದೆ. ಹೇಳಲು ಇನ್ನೂ ಬಹಳ ಇತ್ತು: ಕೊಳವೆ, ಆಸ್ಪತ್ರೆಯ ಮಣ್ಣು, ಖಾನೆಯೊಳಗಿನ ಅಂಕಿ. ಒಂದನ್ನು ಹೇಳಲು ಇನ್ನೊಂದನ್ನು ಹೇಳಬೇಕಿತ್ತು, ಅದಕ್ಕೆಲ್ಲ ಮೊದಲು ನನ್ನ ಅತ್ತೆ ಎಂಥವಳು ಎಂದು ಹೇಳಬೇಕಿತ್ತು. ಅವಳಾಗಲೇ ಕೆಳಗಿನ ಹಿಂಬದಿ ಕೋಣೆಗೆ ಹೋಗಿ ಕಿಟಕಿ ತೆರೆದಿದ್ದಳು.

“ಮಗುವಿನ ತೊಟ್ಟಿಲು ಇಲ್ಲಿ ಹಾಕೋದು,” ಎಂದಳು. “ಎಷ್ಟು ತಂಪಾಗಿದೆ ಈ ರೂಮು.”

“ಇಲ್ಲಿ ಬೇಡ. ಮೇಲಿನ ರೂಮಲ್ಲಿ ಮಲಗ್ಸಿ. ಅಷ್ಟಾದ್ರೂ ಮಾಡಿ.”

“ಮೇಲೆ ಬಿಸಿಲು ಹೊಡೆಯತ್ತೆ,” ಎಂದಳು ಅವಳು, ಕಿಟಕಿಯ ಅಗಲ ಅಳೆಯುತ್ತ. “ಮಗು ನಿದ್ದೆ ಮಾಡಲ್ಲ.”